ಅಸಿಟೋನಿನ ವಾಸನೆ

ಯಲಹಂಕ ಉಪನಗರ
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ರತ್ನಕ್ಕನಿಗೆ ನಿನ್ನ ತಂಗಿ ರಂಜಿಯ ನಮಸ್ಕಾರಗಳು.

ನೀನು ರೋಣದಿಂದ ಕಳಿಸಿದ ಡಬ್ಬಿಗಳು ತಲುಪಿ ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಿ ಈ ಮಾತು ತೆಗೆದರೆ ನೀನು ಅಳುತ್ತೀಯ, ನಾನು ರೇಗುತ್ತೇನೆ, ಕೊನೆಗೆ ಸಾರು ಸೀದುಹೋಯಿತು ಅಂತ ನೆವ ಹೇಳಿ ಇಬ್ಬರೂ ಫೋನ್ ಇಡುತ್ತೇವೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಸಿಟ್ಟು ಮಾಡಿಕೋ.

ಕರದಂಟಿನ ಡಬ್ಬಿಯನ್ನು ನನ್ನ ಯಜಮಾನರು ಎರಡೇ ದಿನದಲ್ಲಿ ಖಾಲಿ ಮಾಡಿದರು. ಸಿದ್ದಲಿಂಗ ವೈದ್ಯರ ಪುಡಿಯ ಡಬ್ಬಿ ಮಾತ್ರ ಒಡೆದಿಲ್ಲ, ಒಡೆಯುವುದೂ ಇಲ್ಲ. "ಸೂಜಿ ಚುಚ್ಚಿ ಚುಚ್ಚಿ ಕೂಸಿನ ಮೈ ಜರಡಿ ಮಾಡೀರಿ. ಇಪ್ಪತ್ತೊಂದು ದಿನ ಸೂಜಿ ಬಂದ್ ಮಾಡಿ ಈ ಪುಡಿ ಕೊಡವಾ" ಅಂದೆಯಲ್ಲ, ಆ ದಿನ ನನಗೆ ನಿದ್ದೆ ಬರಲಿಲ್ಲ. ಇವರೂ ಮೆತ್ತಗಾದರು. "ಅಕ್ಕ ಇಷ್ಟ್ ಹೇಳಾಕತ್ತಾಳ, ಒಂದ್ ವಾರ ನೋಡೂಣಲ್ಲ" ಅಂದರು. ಅಕ್ಕಾ, ವಾರ ಬೇಕಾಗಿಲ್ಲ. ಒಂದೆರಡು ದಿನ ಇನ್ಸುಲಿನ್ ತಪ್ಪಿದರೆ ಸಾಕು, ಮಗಳು ರಕ್ಷಾ ಮತ್ತೆ ಐಸಿಯು ಸೇರುತ್ತಾಳೆ.

ಭಾವನವರ ಸಕ್ಕರೆ ಕಾಯಿಲೆ ಆ ಪುಡಿಯಿಂದ ಹತೋಟಿಗೆ ಬಂತು ಅನ್ನುತ್ತೀಯ. ಇರಲಿ, ನಾನು ವಾದಕ್ಕೆ ಬರುವುದಿಲ್ಲ. ಭಾವನ ಮೈಯಲ್ಲಿ ಇನ್ಸುಲಿನ್ ಇದೆ, ಸೋಮಾರಿಯಾಗಿದೆ ಅಷ್ಟೆ. ನನ್ನ ಒಂಬತ್ತು ವರ್ಷದ ಮಗಳ ಮೈಯಲ್ಲಿ ಅದು ಹುಟ್ಟುವುದೇ ನಿಂತುಹೋಗಿದೆ. ಹೆಸರು ಒಂದೇ, ಕಾಯಿಲೆ ಬೇರೆ.

ಜೂನ್ ತಿಂಗಳಿನಲ್ಲಿ ಏನಾಯಿತೆಂದು ನಿನಗೆ ಅರ್ಧಂಬರ್ಧ ಹೇಳಿದ್ದೆ. ಮೂರು ವಾರ ಹುಡುಗಿ ನೀರು ಕುಡಿದದ್ದೇ ಕುಡಿದದ್ದು. ಹಾಸಿಗೆ ಒದ್ದೆಯಾಗುತ್ತಿತ್ತು. ಇಪ್ಪತ್ತೆಂಟು ಕೆಜಿ ಇದ್ದವಳು ಇಪ್ಪತ್ತಮೂರಕ್ಕೆ ಇಳಿದಳು. ಹೊಸ ಶಾಲೆ, ಹೊಸ ಬಸ್ಸು, ಸೊರಗಿದ್ದಾಳೆ ಅಂದುಕೊಂಡು ನಾನೇ ದಿನಕ್ಕೆರಡು ಸಲ ಗ್ಲೂಕೋಸ್ ಪುಡಿ ಕಲಸಿ ಕುಡಿಸಿದೆ. ಸಕ್ಕರೆ ರಕ್ತದಲ್ಲಿ ತುಂಬಿ ತುಳುಕುತ್ತಿತ್ತು, ಇನ್ಸುಲಿನ್ ಇಲ್ಲದೆ ಜೀವಕೋಶದೊಳಗೆ ಹೋಗುವಂತಿರಲಿಲ್ಲ. ಮೂತ್ರದಲ್ಲಿ ಸಕ್ಕರೆ ಹೊರಗೆ ಹರಿಯುವಾಗ ಮೈಯ ನೀರನ್ನೂ ಉಪ್ಪನ್ನೂ ಎಳೆದುಕೊಂಡು ಹೋಗುತ್ತಿತ್ತು. ಅವಳು ಬಾಯಾರಿ ಕುಡಿಯುತ್ತಿದ್ದದ್ದು ಅದಕ್ಕೆ.

ಅನ್ನ ಮುಂದಿಟ್ಟುಕೊಂಡೇ ಉಪವಾಸ ಬಿದ್ದ ಮೈ ಏನು ಮಾಡೀತು ಹೇಳು? ತನ್ನ ಕೊಬ್ಬನ್ನೇ ಉರಿಸಿಕೊಂಡಿತು. ಆ ಕೊಬ್ಬಿನಿಂದ ಪಿತ್ತಜನಕಾಂಗ ಕೀಟೋನು ಮಾಡುತ್ತದೆ. ಅವು ಆಮ್ಲಗಳು ಅಕ್ಕಾ, ರಕ್ತವನ್ನೇ ಹುಳಿಯಾಗಿಸುತ್ತವೆ. ಅದೇ ಕೀಟೋನು ಒಡೆದು ಅಸಿಟೋನಾಗಿ ಉಸಿರಿನಲ್ಲಿ ಹೊರಬರುತ್ತದೆ. ಉಗುರಿನ ಬಣ್ಣ ಒರೆಸುತ್ತಾರಲ್ಲ, ಅದೇ ದ್ರವ. ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ರಸಾಯನಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ, ಗಾಜಿನ ಸಾಮಾನು ತೊಳೆಯುವುದೇ ಅದರಲ್ಲಿ. ಮಗಳ ಬಾಯಲ್ಲಿ ಬಂದಾಗ ನನಗೇ ಅದರ ಗುರುತು ಹತ್ತಲಿಲ್ಲ ನೋಡು.

ಅಪಾಯದ ಗುರುತು ಹಿಡಿದದ್ದು ಮೇಲಿನ ಮನೆಯ ಸಬೀರಾ. ಆ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ರಂಜನಿ, ಪಾಪು ಯಾಕ್ರೀ ಹಿಂಗೆ ಉಸಿರಾಡ್ತಿದಾಳೆ? ಮಲ್ಕೊಂಡೇ ಇದಾಳೆ, ಓಡಿ ಬಂದಂಗೆ ಏದುಸಿರು! ತಿಂಡಿ ಗಿಂಡಿ ಬಿಡ್ರೀ, ನಡೀರಿ ಆಸ್ಪತ್ರೆಗೆ" ಅಂತ ತಮ್ಮ ಕಾರಿನಲ್ಲೇ ಹೊರಡಿಸಿದರು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಗಾಡಿಗಳು ಅಲ್ಲಾಡದೆ ನಿಂತಿದ್ದವು. ಹಾರ್ನ್ ಒತ್ತಿ ಒತ್ತಿ ಅವರ ಕೈ ಸೋತಿತು. ಹಿಂದಿನ ಸೀಟಿನಲ್ಲಿ ರಕ್ಷಾ ನನ್ನ ಹೆಸರೂ ಮರೆತವಳಂತೆ ನೋಡುತ್ತಿದ್ದಳು.

ರಕ್ತದ ಪಿಎಚ್ ಏಳು ಪಾಯಿಂಟ್ ನಾಲ್ಕರ ಆಸುಪಾಸು ಇರಬೇಕು. ಆಸ್ಪತ್ರೆಯಲ್ಲಿ ನೋಡಿದರೆ ಅವಳದು ಬರೀ ಏಳು. ಕೇಳಲು ಸಣ್ಣ ಅಂತರ, ಆದರೆ ಆಮ್ಲ ಎರಡೂವರೆ ಪಟ್ಟು ಆಗಿತ್ತು. ಆ ಆಮ್ಲವನ್ನು ಇಂಗಾಲದ ಡೈ ಆಕ್ಸೈಡ್ ಮಾಡಿ ಹೊರಗೆ ತಳ್ಳಲೆಂದೇ ಮೈ ಹಾಗೆ ಏದುಸಿರು ಬಿಡುತ್ತಿತ್ತು. ನನ್ನ ಲ್ಯಾಬಿನ ಬುದ್ಧಿ ಎಲ್ಲಿ ಹೋಗುತ್ತದೆ? "ಡಾಕ್ಟ್ರೇ, ಬೈಕಾರ್ಬನೇಟ್ ಕೊಟ್ಟು ಆಮ್ಲ ತಟಸ್ಥ ಮಾಡಬಾರದಾ?" ಅಂದೆ. ಡಾಕ್ಟರ್ ಜಯಸಿಂಹ ಕೈಯಲ್ಲಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ. "ಮೇಡಂ, ಇದು ನಿಮ್ಮ ಬೀಕರ್ ಅಲ್ಲ. ಅವಸರ ಮಾಡಿದ್ರೆ ಮಿದುಳು ಊದಿಕೊಳ್ಳುತ್ತೆ. ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ, ಎಲ್ಲಾ ನಿಧಾನಕ್ಕೆ" ಅಂದರು. ನಿಧಾನಕ್ಕೆ ಅಂದರೆ ಎರಡು ದಿನ. ಮೂರನೆಯ ದಿನ ಅವಳು ಕಣ್ಣರಳಿಸಿ ಉಪ್ಪಿಟ್ಟು ಕೇಳಿದಳು. ಜನ್ಮದಲ್ಲಿ ಉಪ್ಪಿಟ್ಟು ಮುಟ್ಟದವಳು!

ಆದ್ದರಿಂದ ಹೇಳುತ್ತೇನೆ ಕೇಳು. ದಸರಾ ರಜೆಗೆ ರಕ್ಷಾ ನಿನ್ನ ಮನೆಗೆ ಬರಲೇಬೇಕೆಂದು ಹಟ ಹಿಡಿದಿದ್ದಾಳೆ. ಕಳಿಸುತ್ತೇನೆ. ಆದರೆ ಅದಕ್ಕೆ ಮುಂಚೆ ನೀನು ಇಲ್ಲಿಗೆ ಬಂದು ನಾಲ್ಕು ದಿನ ಇದ್ದು, ನಿನ್ನ ಕೈಯಾರೆ ಅವಳಿಗೆ ಸೂಜಿ ಹಾಕುವುದನ್ನು ಕಲಿಯಬೇಕು. ದಿನಕ್ಕೆ ನಾಲ್ಕು ಸಲ, ತಪ್ಪದೆ. "ನನ್ನ ಕೈಲಿ ಆಗೂದಿಲ್ಲವಾ" ಅನ್ನಬೇಡ, ಒಲೆಯ ಮೇಲಿನ ಬಿಸಿ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುವವಳು ನೀನು. ಕಲಿಯದಿದ್ದರೆ ಅವಳು ಬರುವುದಿಲ್ಲ, ನೀನು ಎಷ್ಟು ಅತ್ತರೂ ನನ್ನ ಮಾತು ಬದಲಾಗುವುದಿಲ್ಲ. ಪುಡಿಯ ಡಬ್ಬಿಯನ್ನು ನೀನು ಬಂದಾಗ ವಾಪಸು ಒಯ್ಯಿ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ನೀನು, ನಿನ್ನೊಡನೆ ಹೀಗೆ ಗಡುಸಾಗಿ ಮಾತಾಡಲು ನನಗೂ ಕಷ್ಟವೇ. ಭಾವನವರಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ನನ್ನ ಮಗಳ ಮೇಲಿರಲಿ, ನಿನ್ನ ಮೊಣಕಾಲು ನೋವನ್ನೂ ದೇವರು ಬೇಗ ಕಡಿಮೆ ಮಾಡಲಿ.

ನಿನ್ನ
ರಂಜಿ

ತಾ.ಕ.: ವಾಸನೆಯ ಗುರುತು ಹತ್ತಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಆಸ್ಪತ್ರೆಗೆ ಹೋಗುವ ನಾಲ್ಕು ದಿನ ಮುಂಚೆಯೇ ಮೂಸಿದೊಡನೆ ಅಸಿಟೋನೆಂದು ನನಗೆ ಗೊತ್ತಾಗಿತ್ತು. ರಕ್ಷಾ ಸಬೀರಾ ಅವರ ಮನೆಯಲ್ಲಿ ಉಗುರು ಬಣ್ಣ ಒರೆಸುವ ದ್ರವದ ಬಾಟಲಿ ಕದ್ದು ಆಡಿದ್ದಾಳೆ ಅಂದುಕೊಂಡೆ. ಕೈಹಿಡಿದು ಮೇಲೆ ಎಳೆದೊಯ್ದೆ. "ನಮ್ಮನೇಲಿ ಅದೇನೂ ಇಲ್ಲ ಕಣ್ರೀ" ಅಂದರು ಅವರು. ಇಳಿಯುವಾಗ ಮೆಟ್ಟಿಲ ಮೇಲೆ ಅವಳ ಕೆನ್ನೆಗೆ ಹೊಡೆದೆ. "ನಾನ್ ಮುಟ್ಟಿಲ್ಲ ಅಮ್ಮಾ, ಅದು ಒಳಗಿಂದಾನೇ ಬರ್ತಿದೆ" ಅಂತ ಅತ್ತಳು. ನೀರು ಕೇಳಿದಳು. ನಿಜ ಹೇಳುವ ತನಕ ನೀರಿಲ್ಲ ಅಂದೆ.

ಈಗ ದಿನಾ ಶಾಲೆಯ ಬಸ್ಸು ಹತ್ತುವ ಮುಂಚೆ ನನ್ನೆದುರು ಬಾಯಿ ತೆರೆದು ನಿಲ್ಲುತ್ತಾಳೆ. "ಮೂಸಿ ನೋಡಮ್ಮಾ, ಇಲ್ಲ ತಾನೇ?" ಎಷ್ಟು ಜವಾಬ್ದಾರಿ ನೋಡು ಎಂದು ಅವರಪ್ಪನಿಗೆ ಹೆಮ್ಮೆ. ಅವಳು ಹೆದರಿ ಕೇಳುತ್ತಾಳೆಂದು ನನಗೆ ಗೊತ್ತು. ನಿನ್ನ ಮುಂದೆಯೂ ಹಾಗೆ ನಿಂತಾಳು. ವಾಸನೆ ಬಂದರೆ ಅವಳನ್ನು ಏನೂ ಕೇಳಬೇಡ ಅಕ್ಕಾ. ಮೊದಲು ಒಂದು ಲೋಟ ನೀರು ಕೊಟ್ಟು, ಆಮೇಲೆ ನನಗೆ ಫೋನ್ ಮಾಡು.