ಹಿಮ್ಮಡಿಯ ನೇರಳೆ ಗೆರೆ

ಪ್ರೀತಿಯ ಅಬ್ಬಾ,

ನೀವು ಹೋಗಿ ಎಂಟು ವರ್ಷವಾಯಿತು. ಮುಳಗುಂದದ ನಮ್ಮ ಓಣಿಗೂ ಟಿವಿ ಬಂದಿದೆ. ನಿಮ್ಮ ಅಂಗಡಿಯಲ್ಲಿ ಈಗ ತಮ್ಮ ಗಾದಿ ಹೊಲಿಯುತ್ತಾನೆ, ನಿಮ್ಮಷ್ಟು ನೀಟಾಗಿ ಅಲ್ಲ. ಅದಿರಲಿ, ನಾನು ಹೇಳಬೇಕಾದದ್ದು ಆ ಶುಕ್ರವಾರದ ವಿಷಯ.

ನೆನಪಿದೆಯೇ, ನಿಮ್ಮ ಹಿಮ್ಮಡಿಯ ಕರಿ ಮಚ್ಚೆ ಹುಣ್ಣಾಗಿ, ಚರ್ಮದ ಕ್ಯಾನ್ಸರ್ ಎಂದು ಗೊತ್ತಾಗಿ, ಹುಬ್ಬಳ್ಳಿಯಲ್ಲಿ ಕರೆಂಟ್ ಕೊಡಲು ಶುರುಮಾಡಿದ್ದರು. ವಿಕಿರಣ ಎಂಬ ಮಾತು ನಮಗೆಲ್ಲಿ ಗೊತ್ತಿತ್ತು? ಅದು ಎಲ್ಲಿ ಬೀಳಬೇಕೆಂದು ಡಾಕ್ಟರರು ನೇರಳೆ ಶಾಯಿಯಲ್ಲಿ ಗೆರೆ ಎಳೆದು, ‘ಇದನ್ನ ಅಳಸಬ್ಯಾಡ್ರಿ’ ಎಂದಿದ್ದರು. ಆದರೆ ಶುಕ್ರವಾರದ ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡಬೇಕಲ್ಲ? ಶಾಯಿ ಇದ್ದರೆ ನೀರು ಚರ್ಮಕ್ಕೆ ತಾಗದು, ವಜೂ ಕೂಡದು ಎಂದುಕೊಂಡೆವು. ಬೇನೆಯವರಿಗೆ ರಿಯಾಯಿತಿ ಉಂಟೇ ಎಂದು ಯಾರನ್ನೂ ಕೇಳಲಿಲ್ಲ. ನಾನು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿಬಿಟ್ಟೆ.

ಸೋಮವಾರ ಡಾಕ್ಟರರು ರೇಗಿದರು. ‘ಯಾರು ತೊಳದವ್ರು?’ ನೀವು ನನ್ನ ಕಡೆ ನೋಡಲೂ ಇಲ್ಲ. ‘ನಾನಽ ತೊಳಕೊಂಡೇನ್ರಿ. ಮುದುಕಗ ಮರವು.’ ಅವರು ಮತ್ತೆ ಗೆರೆ ಎಳೆದರು. ಆದರೂ ಗಡ್ಡೆ ಕರಗಲಿಲ್ಲ, ತೊಡೆಸಂದಿಗೆ ಏರಿತು, ನೀವು ಉಳಿಯಲಿಲ್ಲ. ಹೊಸ ಗೆರೆ ಒಂದಿಷ್ಟು ಆಚೀಚೆ ಆಗಿತ್ತೇ? ನಾನು ತಿಕ್ಕದಿದ್ದರೆ... ಇದನ್ನು ಯಾರ ಮುಂದೆ ಹೇಳಲಿ?

ಹೋದ ವಾರ ನೆರೆಮನೆಯ ಶಾಂತವ್ವನನ್ನು ಗದಗಿಗೆ ತೋರಿಸಲು ಕರೆದೊಯ್ದಿದ್ದೆ. ಅಲ್ಲಿಯ ಡಾಕ್ಟರರ ಮುಂದೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ‘ನೋಡವಾ, ಆ ಜಾತಿ ಗಡ್ಡಿನಽ ಹಟಮಾರಿ. ಕರೆಂಟ್‌ನಿಂದ ಹರದಿದ್ದನ್ನ ಅದರ ಜೀವಕೋಶ ತಾವಽ ಹೊಲಕೊಂಡು ಮತ್ತ ಎದ್ದು ಕುಂಡ್ರತಾವು. ಗೆರಿ ಮತ್ತ ಬರದಾರಲ್ಲ? ನಿನ್ನಿಂದ ಏನೂ ಆಗಿಲ್ಲ’ ಎಂದರು. ಈಗ ದೊಡ್ಡ ದವಾಖಾನೆಗಳಲ್ಲಿ ಕರೆಂಟಿನ ಜೊತೆ ಗಡ್ಡೆಗೆ ಶಾಖವನ್ನೂ ಕೊಟ್ಟು ನೋಡುತ್ತಿದ್ದಾರಂತೆ. ಕಾದ ಕೋಶಗಳಿಗೆ ಹೊಲಿದುಕೊಳ್ಳುವ ತ್ರಾಣ ಇರುವುದಿಲ್ಲವಂತೆ. ಎಲ್ಲರಿಗೂ ನಾಟುವುದಿಲ್ಲ, ಕೆಲವರಿಗೆ ಕರಗಿದೆಯಂತೆ. ನಿಮ್ಮ ಕಾಲಕ್ಕೆ ಅದು ಸಿಕ್ಕಿದ್ದರೆ... ಸಂತೋಷಪಡಬೇಕಾದ ಮಾತಿನ ಮೇಲೂ ನನಗೆ ಸಿಟ್ಟು ಬಂತು, ಅಬ್ಬಾ.

ಮನೆಗೆ ಬಂದು ಅಮ್ಮಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

‘ಚೊಲೋತ್ನಾಗಿ ತಿಕ್ಕು ಅಂತ ಅವತ್ತು ನಿನಗ ಹೇಳಿದಾಕಿ ನಾನಽ ಅಲ್ಲೇನ?’

ನನಗೆ ಅದು ನೆನಪೇ ಇರಲಿಲ್ಲ. ಒಂದೇ ಒಲೆಯ ಮುಂದೆ ಎಂಟು ವರ್ಷ ಕೂತು ಉಂಡಿದ್ದೇವೆ, ಅವಳು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ನಾನೂ ಆಡಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

‘ನಿಮ್ಮ ಅಬ್ಬಾಗ ಒಂದು ಕಾಗದ ಬರಿ. ನಾವಿಬ್ರೂ ಅವರನ್ನ ಕೊಂದಿಲ್ಲಂತ ಬರಿ.’

ಬರೆದಿದ್ದೇನೆ.

ನಿಮ್ಮ ಮಗಳು,
ಮಾಬೂಬಿ