ಒಂದು ಕೀ ಪಕ್ಕಕ್ಕೆ

ಮನೆ, ಅಂಗಡಿಯ ಮೇಲಿನ ಕೋಣೆ
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಹೊಸ ಕನ್ನಡಕ ಕೈಸೇರಿತೆಂದು ನರ್ಸ್ ಫೋನಿನಲ್ಲಿ ಹೇಳಿದರು. ಮೂಗಿನ ಮೇಲೆ ಸರಿಯಾಗಿ ಕೂರುತ್ತದೆಯೇ, ಕಿವಿಯ ಹಿಂದೆ ಒತ್ತುವುದಿಲ್ಲ ತಾನೇ? ನುಂಗುವಾಗ ಬರುತ್ತಿದ್ದ ಕೆಮ್ಮು ಕಡಿಮೆಯಾಗಿದೆಯಂತೆ, ಕೇಳಿ ಸಮಾಧಾನವಾಯಿತು. ಎಡಗಾಲು ಎತ್ತಿಡುವ ಅಭ್ಯಾಸವನ್ನು ತಪ್ಪಿಸಬೇಡಿ. ವ್ಯಾಯಾಮ ಮಾಡಿಸುವ ಹುಡುಗಿಯ ಮುಂದೆ ಮುಖ ಗಂಟು ಹಾಕಿಕೊಂಡು ಕೂರಬೇಡಿ. ಅವಳೇನು ನಿಮ್ಮ ಹೆಂಡತಿಯಲ್ಲ, ಅದನ್ನೆಲ್ಲ ಸಹಿಸಿಕೊಳ್ಳಬೇಕೆಂದು ಅವಳ ಹಣೆಯಲ್ಲಿ ಬರೆದಿಲ್ಲ. ನಾನು ಚೆನ್ನಾಗಿದ್ದೇನೆ. ಎಂದಿನಂತೆ ಕೋರ್ಟಿಗೆ ಹೋಗಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿ ಬರುತ್ತಿದ್ದೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ನಾಲಿಗೆ ತೊಡರುತ್ತದೆ, ತೊಡರಿದ ಕೂಡಲೇ ನಿಮಗೆ ಸಿಟ್ಟು ನೆತ್ತಿಗೇರುತ್ತದೆ, ಅದಕ್ಕೇ ಕಾಗದ.

ಇದನ್ನು ನಿಮ್ಮ ಕೀಬೋರ್ಡಿನಲ್ಲೇ ಟೈಪ್ ಮಾಡುತ್ತಿದ್ದೇನೆ. ಹೌದು, ಅದೇ, ಒಂದು ಅಕ್ಷರವೂ ಇಲ್ಲದ ಬೋಳು ಕೀಗಳದ್ದು, ಒತ್ತಿದರೆ ಬೀದಿಗೆಲ್ಲ ಕೇಳುವಂಥದ್ದು. ಎದುರು ಅಂಗಡಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಚೌಕಟ್ಟಿನವರು ಆಗಲೇ ಒಮ್ಮೆ ತಲೆಯೆತ್ತಿ ನಮ್ಮ ಕಿಟಕಿಯತ್ತ ನೋಡಿದರು. ನೀವೇ ಬಂದುಬಿಟ್ಟಿರೇನೋ ಅಂದುಕೊಂಡಿರಬೇಕು. ಮದುವೆಯಾದಂದಿನಿಂದ ನಾವು ನೆಂಟರಿಷ್ಟರ ವಿಷಯಕ್ಕೆ ಜಗಳವಾಡಿದ್ದು ಅಷ್ಟಕ್ಕಷ್ಟೆ, ಕೀಬೋರ್ಡಿನ ವಿಷಯಕ್ಕೆ ಆಡದ ವಾರವಿಲ್ಲ. ನನಗೆ ಮೆತ್ತಗೆ, ಸದ್ದಿಲ್ಲದೆ ಇಳಿಯುವ ಕೀ ಬೇಕು. ದಿನವಿಡೀ ಟೈಪ್ ಮಾಡುವವಳಿಗೆ ಸಂಜೆ ತರಕಾರಿ ಹೆಚ್ಚಲು ಬೆರಳು ಉಳಿದಿರಬೇಡವೇ? ನಿಮಗೋ, ಕೀ ಎದುರು ಮಾತಾಡಬೇಕು. "ಬೆರಳು ಕೇಳಿದ್ದಕ್ಕೆ ಕೀ ಉತ್ತರ ಕೊಡಬೇಕು ಕಣೇ, ಇಲ್ಲಾಂದ್ರೆ ಹಿಟ್ಟು ನಾದಿದ ಹಾಗೆ" ಅನ್ನುತ್ತಿದ್ದಿರಿ. ಒಂದು ಪುಟ ಮುಗಿಯುವಷ್ಟರಲ್ಲಿ ನನಗೂ ಈ ಸದ್ದು ಅಷ್ಟೇನೂ ಕೆಟ್ಟದ್ದಲ್ಲ ಅನ್ನಿಸತೊಡಗಿದೆ. ಇದನ್ನು ಮುಂದೆ ಎತ್ತಿ ಆಡಿದರೆ ನಾನು ಹೇಳಿಯೇ ಇಲ್ಲ ಅನ್ನುತ್ತೇನೆ.

ಈಗ ಸಮಾಚಾರ. ನೀವು ಕೂತು ಓದಿ, ಸಿಟ್ಟು ಮಾಡಿಕೊಳ್ಳಬೇಡಿ. ಹೋದ ವಾರ ಅಲ್ಲಿನ ಕಂಪ್ಯೂಟರಿನ ಮುಂದೆ ನಿಮ್ಮನ್ನು ಕೂರಿಸಿ, ಬಾಯಲ್ಲಿ ಹೇಳಲಾಗದ್ದನ್ನು ಟೈಪ್ ಮಾಡಿ ಅಂದರಲ್ಲ, ನೀವು ಒಂದು ಇಡೀ ಪುಟ ಬಡಿದು ಮಗನಿಗೆ ಕಳಿಸಿದಿರಲ್ಲ, ಅದರಲ್ಲಿ ಒಂದೇ ಒಂದು ಪದಕ್ಕೂ ಅರ್ಥವಿರಲಿಲ್ಲ. ಅಲ್ಲಿನ ದೊಡ್ಡ ಡಾಕ್ಟರಮ್ಮ ಅದನ್ನು ನೋಡಿ, ಪಾರ್ಶ್ವವಾಯು ನಿಮ್ಮ ಬುದ್ಧಿಯನ್ನೂ ಕೆಡಿಸಿದೆ ಎಂದು ತೀರ್ಮಾನಿಸಿದರು. ಇನ್ನು ಅಭ್ಯಾಸ ಮಾಡಿಸಿ ಪ್ರಯೋಜನವಿಲ್ಲ, ಹಿಂದಿನ ಕಟ್ಟಡದಲ್ಲಿ ಹಾಸಿಗೆ ಖಾಲಿ ಇದೆ, ಅಲ್ಲಿ ಕೊನೆಯವರೆಗೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಮಗನಿಗೆ ಹೇಳಿದರಂತೆ. ಅವನು ಆ ಪುಟವನ್ನು ಹಿಡಿದುಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟ. "ಅಮ್ಮ, ಅಪ್ಪನ ತಲೆ ಕೈಕೊಟ್ಟಿದೆ. ನಾವು ಒಪ್ಕೋಬೇಕು" ಅಂದ. ನಿಮ್ಮ ಕೀಬೋರ್ಡು ರಿಪೇರಿ ಅಂಗಡಿ ಮುಚ್ಚುವ ಮಾತನ್ನೂ ಆಡಿದ. ಅವನನ್ನು ಬೈಯಬೇಡಿ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು.

ನಾನು ಆ ಪುಟ ಇಸಿದುಕೊಂಡು ನೋಡಿದೆ. ಮೊದಲಿಗೆ ನಾನೂ ಮಗನ ಮಾತೇ ನಿಜವೇನೋ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ನೋಡುತ್ತಾ ನೋಡುತ್ತಾ ಏನೋ ತಿಳಿದ ಮುಖದ ಹಾಗೆ ಅನ್ನಿಸಿತು. ತಲೆಕೆಟ್ಟವರು ಹೊಡೆದರೆ ಎಲ್ಲವೂ ಕಲಸುಮೇಲೋಗರವಾಗಬೇಕು. ಇಲ್ಲಿ ಪದಗಳ ನಡುವಿನ ಜಾಗ ಸರಿ ಇತ್ತು, ಸಾಲು ಮುಗಿದಲ್ಲಿ ಚುಕ್ಕಿ ಸರಿ ಇತ್ತು, ಬಲಗೈಗೆ ಸೇರಿದ ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಇದ್ದಂತಿತ್ತು. ಆಗ ನನ್ನ ಮೊದಲ ನೌಕರಿಯ ಮೊದಲ ವಾರ ನೆನಪಾಯಿತು. ಸಾಕ್ಷಿಯ ಮುಖವನ್ನೇ ನೋಡುತ್ತಾ ನಾನು ಒಂದು ಹಾಳೆಯುದ್ದಕ್ಕೂ ಕೈ ತಪ್ಪಿಟ್ಟುಕೊಂಡು ಟೈಪ್ ಮಾಡಿದ್ದೆ, ನ್ಯಾಯಾಧೀಶರು ಇದು ಯಾವ ದೇಶದ ಭಾಷೆಯಮ್ಮ ಎಂದು ಕೇಳಿದ್ದರು. ಕೀ ನೋಡಿ ಒತ್ತುವವರಿಗೆ ಇಂಥ ಆಪತ್ತು ಬರುವುದೇ ಇಲ್ಲ. ಇದು ನಮ್ಮಂಥವರಿಗೇ ಮೀಸಲು.

ನಿಮ್ಮ ಬೋಳು ಕೀಬೋರ್ಡನ್ನು ಮೇಜಿನ ಮೇಲೆ ಎಳೆದುಕೊಂಡೆ. ಬಲಗೈಯನ್ನು ಇರಬೇಕಾದಲ್ಲೇ ಇಟ್ಟು, ಎಡಗೈಯನ್ನು ಮಾತ್ರ ಒಂದು ಕೀ ಎಡಕ್ಕೆ ಸರಿಸಿ, ನೀವು ಹೊಡೆದದ್ದನ್ನು ಹಾಗೆಯೇ ಹೊಡೆಯುತ್ತಾ ಹೋದೆ. ಪರದೆಯ ಮೇಲೆ ಮೂಡಿದ ಮೊದಲ ಸಾಲು ಇದು: "ಇಲ್ಲಿನ ಕೀಬೋರ್ಡು ಒದ್ದೆ ರಟ್ಟಿನ ಹಾಗಿದೆ, ಇದನ್ನು ಮಾಡಿದವನನ್ನು ಕರೆಸಿ ಇದರಲ್ಲೇ ಕ್ಷಮಾಪಣೆ ಬರೆಸಬೇಕು." ರೀ, ನಾನು ನಗಲೋ ಅಳಲೋ ಗೊತ್ತಾಗದೆ ಎರಡನ್ನೂ ಮಾಡಿದೆ. ಬುದ್ಧಿ ಕೆಟ್ಟವರ ಮಾತೇ ಇದು? ನಿಮ್ಮ ಬುದ್ಧಿ ಮೂವತ್ತು ವರ್ಷದ ಹಿಂದೆ ಎಷ್ಟು ವಕ್ರವಾಗಿತ್ತೋ ಈಗಲೂ ಅಷ್ಟೇ ವಕ್ರವಾಗಿದೆ.

ಆದದ್ದು ಇಷ್ಟೇ. ಎಡಗೈ ಬೆರಳಿಗೆ ಸ್ಪರ್ಶವಿಲ್ಲ, ಹಾಗಾಗಿ ತೋರುಬೆರಳು ಕೂರಬೇಕಾದ ಕೀಯ ಮೇಲಿನ ಉಬ್ಬುಗೆರೆ ನಿಮಗೆ ಸಿಗಲಿಲ್ಲ, ಕೈ ಒಂದು ಕೀ ಬಲಕ್ಕೆ ಕೂತಿತು. ನೀವು ಅಂಗಡಿಯಲ್ಲಿ ಕುಸಿದ ದಿನವೇ ಹಳೆ ಕನ್ನಡಕ ಒಡೆದಿತ್ತು, ಪರದೆ ನಿಮಗೆ ಬರೀ ಮಂಜು. ಬೇರೆ ಯಾರಾದರೂ ಆಗಿದ್ದರೆ ಬಗ್ಗಿ, ಮೂಗು ತಾಗಿಸಿಯಾದರೂ ಕೀ ಹುಡುಕಿ ಒತ್ತುತ್ತಿದ್ದರು. ನೀವು ಬಗ್ಗುತ್ತೀರಾ? ಟೈಪಿಂಗ್ ಶಾಲೆಯಲ್ಲಿ ಹೊಸಬರ ಕೈಮೇಲೆ ಕರವಸ್ತ್ರ ಹೊದಿಸಿ, "ಕೈ ನೋಡಬೇಡಿ, ಹಾಳೆ ನೋಡಿ" ಎಂದು ನಮ್ಮನ್ನೆಲ್ಲ ಗೋಳುಹೊಯ್ದುಕೊಂಡ ಮೇಷ್ಟ್ರಲ್ಲವೇ! ಗೋಡೆ ನೋಡುತ್ತಾ ಸೆಟೆದು ಕೂತು ಹೊಡೆದಿರುತ್ತೀರಿ, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಮಗ ಅಷ್ಟಕ್ಕೇ ನಂಬಲಿಲ್ಲ. ಅಮ್ಮ ತನಗೆ ಬೇಕಾದ್ದನ್ನು ಓದಿಕೊಳ್ಳುತ್ತಿದ್ದಾಳೆ ಎಂಬಂತೆ ನನ್ನ ಮುಖ ನೋಡಿದ. ಸರಿ, ಮುಂದಿನ ಸಾಲನ್ನು ಅವನ ಎದುರಿಗೇ ಬಿಡಿಸಿದೆ. ಪತ್ರಿಕೆ ಕಚೇರಿಯ ಗುಮಾಸ್ತರ ಕೀಬೋರ್ಡು ಎಡಗಡೆಯ ಕೆಳಗಿನ ಡ್ರಾದಲ್ಲಿದೆ, ಉದ್ದ ಕೀಯ ಸ್ಪ್ರಿಂಗನ್ನು ಔಷಧಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಅವರನ್ನು ಕಾಯಿಸಬೇಡಿ ಎಂದು ಬರೆದಿದ್ದಿರಿ. ಅವನು ಕೆಳಗಿಳಿದು ಹೋದ. ಡ್ರಾ ಎಳೆದ ಸದ್ದು ಕೇಳಿಸಿತು. ಔಷಧಿ ಡಬ್ಬಿ ಹಿಡಿದು ಮೇಲೆ ಬಂದವನು, "ಅಮ್ಮ, ಅಪ್ಪನ್ನ ಹಿಂದಿನ ಕಟ್ಟಡಕ್ಕೆ ಸೇರಿಸೋಕೆ ನಾಳೆ ನಾನು ಸಹಿ ಹಾಕೋನಿದ್ದೆ" ಅಂದ. ಸಂಜೆಯೊಳಗೆ ಸ್ಪ್ರಿಂಗ್ ಕೂರಿಸಿ ಗುಮಾಸ್ತರಿಗೆ ತಲುಪಿಸಿಯೂ ಬಂದ. ಅಂಗಡಿ ಮುಚ್ಚುವ ಮಾತು ಮತ್ತೆ ಬಂದಿಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸು, ಆದರೆ ನನ್ನನ್ನು ಸಮಾಧಾನಪಡಿಸುವ ದನಿಯಲ್ಲೇ ಮಾತಾಡಿದರು. ಮನೆಯವರಿಗೆ ಹಾಗೆ ಅನ್ನಿಸುವುದು ಸಹಜ ಅಂದರು. ನಾನೂ ಬಿಡಲಿಲ್ಲ. ಕೊನೆಗೆ ಶುಕ್ರವಾರ ಒಂದು ಪರೀಕ್ಷೆಗೆ ಒಪ್ಪಿದ್ದಾರೆ. ಅವರು ಪ್ರಶ್ನೆ ಕೇಳುತ್ತಾರೆ, ನೀವು ಟೈಪ್ ಮಾಡಿ ಉತ್ತರಿಸಬೇಕು, ಪಕ್ಕದಲ್ಲಿ ನಿಂತು ನಾನು ಏನನ್ನೂ ಹೇಳಿಕೊಡುವಂತಿಲ್ಲ. ಉತ್ತರ ಸರಿಯಿದ್ದರೆ ಅಭ್ಯಾಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಹಿಂದಿನ ಕಟ್ಟಡ. ನನಗೆ ಎಳ್ಳಷ್ಟೂ ಭಯವಿಲ್ಲ. ನಿಮ್ಮ ಬೆರಳಿಗೆ ಸ್ಪರ್ಶವಿಲ್ಲದಿದ್ದರೇನಂತೆ, ಮಣಿಕಟ್ಟಿನವರೆಗೆ ಬಂದಿದೆ ಎಂದು ವ್ಯಾಯಾಮದ ಹುಡುಗಿ ಹೇಳಿದ್ದಾಳೆ. ಚೌಕಟ್ಟಿನವರಿಂದ ಒಂದು ಮರದ ಪಟ್ಟಿ ಮಾಡಿಸಿ ಕೀಬೋರ್ಡಿನ ಮುಂದಿನ ಅಂಚಿಗೆ ಅಂಟಿಸಿದ್ದೇನೆ. ಮಣಿಕಟ್ಟು ಅದರ ಮೇಲೆ ಒರಗುತ್ತದೆ, ಬಲಕ್ಕೆ ಜಾರದಂತೆ ಒಂದು ಗೂಟವಿದೆ. ಗೂಟ ತಾಗಿದರೆ ಕೈ ಸರಿಯಾದ ಜಾಗದಲ್ಲಿದೆ ಎಂದೇ ಲೆಕ್ಕ. ನಾನೇ ಎಡಗೈ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಪರೀಕ್ಷಿಸಿದ್ದೇನೆ, ಈ ಕಾಗದದ ಅರ್ಧ ಹಾಗೆಯೇ ಟೈಪ್ ಮಾಡಿದ್ದು. ತಪ್ಪು ಸಿಕ್ಕಿದ್ದರೆ ಹೇಳಿ.

ಮಗ, ಸೊಸೆ ನಮಸ್ಕಾರ ತಿಳಿಸಿದ್ದಾರೆ. ಚೌಕಟ್ಟಿನವರು ಪಟ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ, ಸದ್ದು ಬೇಗ ಮನೆಗೆ ಬರಲಿ ಅಂದರು. ನಿಮ್ಮ ಮೈಗೆ ಬಲ ಬರಲಿ, ಬಾಯಿಗೆ ಮಾತು ಬರಲಿ, ಬಂದ ಮೇಲೆ ನನ್ನ ಜೊತೆ ಜಗಳವಾಡಲಿ.

ನಿಮ್ಮ
ಮೆತ್ತನೆ ಕೀಯವಳು

ತಾ.ಕ.: ಮಗ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಹೇಳುತ್ತೇನೆ. ಪುಟದ ಕೊನೆಯ ಸಾಲನ್ನು ಅವನಿಲ್ಲದಾಗ ಬಿಡಿಸಿದೆ, ಅವನಿಗೆ ತೋರಿಸಿಲ್ಲ. "ನನ್ನನ್ನು ಇಲ್ಲೇ ಬಿಟ್ಟುಬಿಡಬೇಡ ಕಣೇ" ಎಂದಿತ್ತು. ಇಷ್ಟು ವರ್ಷದಲ್ಲಿ ನೀವು ನನ್ನನ್ನು ಏನೂ ಬೇಡಿದವರಲ್ಲ. ಬಿಡುವುದಿಲ್ಲ. ಶುಕ್ರವಾರ ಮೊದಲ ಬಸ್ಸಿಗೆ ಕೀಬೋರ್ಡು ಮಡಿಲಲ್ಲಿಟ್ಟುಕೊಂಡು ಬರುತ್ತೇನೆ. ಹೇಳಿಕೊಡಬಾರದು ಅಂದಿದ್ದಾರೆ, ಮುಟ್ಟಬಾರದು ಅಂದಿಲ್ಲ. ಶುರುವಿಗೆ ಮೊದಲು ನಿಮ್ಮ ಎಡಗೈಯನ್ನು ನಾನೇ ಎತ್ತಿ ಅದರ ಜಾಗದಲ್ಲಿ ಇಡುತ್ತೇನೆ. ಆಮೇಲೆ ನಿಮ್ಮ ಎದುರಿಗೇ ನಿಂತಿರುತ್ತೇನೆ. ಕೈ ನೋಡಬೇಡಿ, ನನ್ನನ್ನು ನೋಡಿ.