ನೀನು ಕಟ್ಟಿದ ದೋಣಿಯ ವರದಿ

ಅಪ್ಪಾ,

ನೀನು ಬದುಕಿಲ್ಲ ಎಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಹಳೆಯ ದೋಣಿಗಳನ್ನು ಕಾಪಾಡುವುದು ಹೇಗೆಂದು ಕಲಿಸುವ ಕೇಂದ್ರದಲ್ಲಿ ನಾನೀಗ ಸಹಾಯಕ ಶಿಕ್ಷಕಿ. ಹೋದ ತಿಂಗಳು ಅಲ್ಲಿಗೆ ಬಂದದ್ದು ನೀನು ಹರೆಯದಲ್ಲಿ ಕಟ್ಟಿದ ದೋಣಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ಒಣಗಿ, ಹಲಗೆಗಳ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು.

ನಮ್ಮ ಮುಖ್ಯಸ್ಥರಿಗೆ ಮೂರು ಪದವಿಗಳಿವೆ. ಮರ ಮುಟ್ಟಿದರೆ ಕೈ ಒರೆಸಿಕೊಳ್ಳುತ್ತಾರೆ. "ಸಂದಿಗೆಲ್ಲ ಅಂಟು ತುಂಬಿಸಿಬಿಡಿ, ಫೋಟೋದಲ್ಲಿ ಚೆನ್ನಾಗಿ ಕಾಣ್ಬೇಕು" ಅಂದರು. ಒಣಗಿದರೆ ಕಲ್ಲಾಗುವ ಅಂಟು ಅದು. ಹನ್ನೆರಡು ಜನ ಕಲಿಯುವವರು ಶ್ರದ್ಧೆಯಿಂದ ತುಂಬಿದರು. ಮೊನ್ನೆ ದೋಣಿಯನ್ನು ನೀರಿಗಿಳಿಸಿದೆವು. ಮರ ಉಬ್ಬಿತು. ಉಬ್ಬಲು ಜಾಗ ಸಿಗದೆ ಇವತ್ತು ಬೆಳಿಗ್ಗೆ ಎರಡು ಹಲಗೆ ಸೀಳಿಹೋದವು.

"ಕಟ್ಟಿದವನ ಕೆಲಸವೇ ಕಳಪೆ" ಎಂದು ಮುಖ್ಯಸ್ಥರು ವರದಿ ಬರೆಸಿದರು.

"ಎರಡು ದಿನ ನೀರು ಕುಡೀಲಿ ಬಿಡು, ಸಂದು ತಾನಾಗೇ ಮುಚ್ಕೊಳ್ಳುತ್ತೆ" ಅನ್ನುತ್ತಿದ್ದೆಯಲ್ಲ, ನಮ್ಮ ಕೇಂದ್ರದಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿಬಿಟ್ಟಿದ್ದರೆ ಎಲ್ಲಿ ಕಲಿತೆ ಎಂದು ಕೇಳುತ್ತಿದ್ದರು. ನಾನು ಬಡಗಿಯ ಮಗಳೆಂದು ಅಲ್ಲಿ ಯಾರಿಗೂ ಹೇಳಿಲ್ಲ.

ವರದಿಯ ಕೆಳಗೆ ಎರಡನೇ ಸಹಿ ನನ್ನದು.